ಸುಣ್ಣ ಹಚ್ಚಿದ ವಿಮಾನ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದ ಖಾಸಗಿ ಬಸ್ಸೊಂದು ಒಮ್ಮೆ ರಾಜೇಶ್ವರದ ಹತ್ತಿರ ಕೆಟ್ಟು ನಿಂತಿತು. ಕ್ಲೀನರ್ ಹುಡುಗ ಕೆಳಗಿಳಿದು, ಗಾಲಿಗೆ ಒಂದು ಒದೆ ಕೊಟ್ಟು, "ಏನ್ ಮಾಡೋದ್ರಿ, ನಮ್ಮ ಸೇಠಂದು ಪೂರಾ ಡಕೋಟಾ ಗಾಡಿ" ಎಂದ. ನಾವೆಲ್ಲ ನಕ್ಕೆವು. ಮುಂದಿನ ಸೀಟಿನಲ್ಲಿದ್ದ ಮುದುಕರೊಬ್ಬರು ನಗಲಿಲ್ಲ. ಬಿಳಿ ಧೋತರ, ಮಾಸಿದ ಖಾಕಿ ಅಂಗಿ, ಹಣೆಯ ಮೇಲೆ ಢಾಳಾದ ವಿಭೂತಿ. ಎದ್ದು ನಿಂತು, "ಡಕೋಟಾ ಅಂದ್ರ ಏನಂತ ತಿಳದೀಯೋ ಮಂಗ್ಯಾ? ಉಮರೆಲ್ಲ ಅದರ ಹೊಟ್ಟ್ಯಾಗ ಕೈ ಹಾಕೀನಿ ನಾ. ಒಂದಿನಾ ಹಾದ್ಯಾಗ ನಿಂತದ್ದಿಲ್ಲ ಅದು" ಎಂದು ಬೈದು, ಚೀಲ ಎತ್ತಿಕೊಂಡು ಇಳಿದೇಬಿಟ್ಟರು. ಬಸ್ಸು ರಿಪೇರಿಯಾಗಿ ಹೊರಟಾಗ ಅವರು ಬಿಸಿಲಲ್ಲಿ ನಡೆದು ಹೋಗುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆದು ಕರೆದರೂ ತಿರುಗಿ ನೋಡಲಿಲ್ಲ.

ಎಂಥ ಸಿಟ್ಟಿನ ಆಸಾಮಿ ಎಂದುಕೊಂಡೆ. ಆಮೇಲೆ ನಾನೇ ಅವರ ಬೆನ್ನು ಹತ್ತಿ ಹೋಗುವವನಾದೆ. ಊರಿನವರು ಅವರನ್ನು ವಿಮಾನ ಕಾಕಾ ಎಂದು ಕರೆಯುತ್ತಿದ್ದರು. ಹೆಸರು ಗೊತ್ತಿದ್ದವರೂ ಹಾಗೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಈಗ ಅವರಿಲ್ಲ. ಅವರು ತೀರಿಕೊಂಡ ವರ್ಷದ ಮಾನವಮಿ ಹಬ್ಬಕ್ಕೆ ನಾನು ಮಾಡಿದ ಒಂದು ಕೆಲಸ ಮಾತ್ರ ನನ್ನ ಬೆನ್ನು ಬಿಟ್ಟಿಲ್ಲ. ಅದನ್ನು ಹೇಳಬೇಕೆಂದರೆ ಮೊದಲು ಅವರ ಬಗ್ಗೆ ಹೇಳಬೇಕು.

ಹುಮನಾಬಾದಿನ ಬಜಾರದಲ್ಲಿ ನನ್ನದೊಂದು ಬಣ್ಣದ ಅಂಗಡಿ. ಸುಣ್ಣ, ನೀಲಿ, ಎಣ್ಣೆಬಣ್ಣ, ಕುಂಚ, ಉಸುಕು ಕಾಗದ, ವಾರ್ನಿಷ್. ಬಸ್ಸಿನ ಜಗಳವಾದ ಕೆಲವೇ ದಿನಕ್ಕೆ ಅದೇ ಮುದುಕರು ಅಂಗಡಿಯ ಕಟ್ಟೆ ಹತ್ತಿ ಬಂದು ಪಾಲಿಷ್ ಕೇಳಿದರು. ನಾನು ಒಂದು ಡಬ್ಬಿ ಕೊಟ್ಟೆ. ಅವರು ಮುಚ್ಚಳ ತೆಗೆದು, ಬೆರಳಿಗೆ ಸ್ವಲ್ಪ ಹಚ್ಚಿಕೊಂಡು, ಕಿವಿಯ ಹತ್ತಿರ ಹಿಡಿದು ಎರಡು ಬೆರಳು ಉಜ್ಜಿದರು.

"ಇದರಾಗ ಉಸುಕದ. ಗೀರ್ತದ. ಬ್ಯಾಡ."

"ಎದಕ್ಕ ಹಚ್ಚೋದದ ರೀ ಕಾಕಾ?"

"ವಿಮಾನಕ್ಕ."

ಗಿರಾಕಿ ಚೇಷ್ಟೆ ಮಾಡುತ್ತಿದ್ದಾರೆ ಅಂದುಕೊಂಡು ನಾನೂ, "ಹಾರೋ ವಿಮಾನಕ್ಕೋ, ಜಾತ್ರ್ಯಾಗ ಫೋಟೋ ಹೊಡಸ್ಕೊಳ್ಳೋ ವಿಮಾನಕ್ಕೋ?" ಎಂದೆ. ಅವರು ನನ್ನ ಮುಖವನ್ನೇ ನೋಡಿ, "ಅಂಗಡಿ ಮುಚ್ಚಿದ ಮ್ಯಾಲ ನಮ್ಮ ಹೊಲಕ್ಕ ಬಾ. ತೋರಸ್ತೀನಿ" ಎಂದು ಹೋದರು. ನಾನು ಜೀಪು ಹತ್ತಿ ಹೋದೆ, ಅರ್ಧ ಕುತೂಹಲಕ್ಕೆ, ಅರ್ಧ ಸುಳ್ಳು ಹಿಡಿಯಲಿಕ್ಕೆ.

ಹೆದ್ದಾರಿಯಿಂದ ಒಳಗೆ, ಅವರ ತೊಗರಿ ಹೊಲದ ನಡುವೆ, ನಿಜವಾಗಿಯೂ ವಿಮಾನ ನಿಂತಿತ್ತು. ಮೂಗು ಮೇಲೆ, ಬಾಲ ನೆಲಕ್ಕೆ. ಸಂಜೆಯ ಬಿಸಿಲು ಅದರ ಮೈಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಬಣ್ಣವೆಂಬುದೇ ಇಲ್ಲ, ಬರೀ ಬಿಳಿ ಲೋಹ. ಬಣ್ಣ ಮಾರುವವನಾದ ನನಗೆ ಆ ಬತ್ತಲೆ ಹೊಳಪು ಕಂಡು ಹೊಟ್ಟೆಕಿಚ್ಚಾಯಿತು.

ಕಾಕಾ ನಿಜಾಮರ ಕಾಲದ ಕೊನೆಯಲ್ಲಿ ಹೈದರಾಬಾದಿಗೆ ಹೋಗಿ ವಿಮಾನದ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿದವರು. ಪಂಖಾ ತಿರುಗಿಸಿಕೊಂಡು ಹಾರುವ ಎರಡು ಯಂತ್ರದ ಆ ಡಕೋಟಾಗಳಲ್ಲಿ ಜನ ಮದರಾಸಿಗೆ, ನಾಗಪುರಕ್ಕೆ ಹೋಗುತ್ತಿದ್ದ ಕಾಲ. ನಮ್ಮ ಕಡೆ ಡಕೋಟಾ ಎಂದರೆ ಗುಜರಿ ಗಾಡಿ ಎಂದಾದದ್ದು ಆಮೇಲೆ. ಜೆಟ್ಟುಗಳು ಬಂದವು, ಡಕೋಟಾಗಳು ಒಂದೊಂದಾಗಿ ಮೂಲೆ ಸೇರಿದವು. ಕಾಕಾ ನಿವೃತ್ತರಾದ ಮೇಲೆ, ತಾನು ಸಾಕಿದ ವಿಮಾನವೊಂದು ಗುಜರಿಯವನ ಸುತ್ತಿಗೆಗೆ ಬೀಳಲಿದೆ ಎಂದು ಕೇಳಿ ಹೈದರಾಬಾದಿಗೆ ಓಡಿದರು. ಬಲಗಡೆಯ ಯಂತ್ರ ಆಗಲೇ ಮಾರಾಟವಾಗಿತ್ತು. ಉಳಿದದ್ದನ್ನು ಲಾರಿಗಳ ಮೇಲೆ ಹೇರಿಸಿಕೊಂಡು ಬಂದರು.

ಆ ಮೆರವಣಿಗೆ ನೋಡಿದವರು ಇವತ್ತಿಗೂ ಅದನ್ನು ಹೇಳಿ ನಗುತ್ತಾರೆ. ರೆಕ್ಕೆ ಬಿಚ್ಚಿದ ವಿಮಾನ ಮನ್ನಾಏಖೇಳ್ಳಿಯ ಬಜಾರದೊಳಗೆ ಬಂದಾಗ ಕರೆಂಟಿನ ತಂತಿ ಅಡ್ಡ ಬಂತು. ಲಾರಿ ನಿಂತಿತು. ಜನ ಸೇರಿದರು. ಒಬ್ಬ ಮುದುಕಿ ಅದರ ಮೈ ತಟ್ಟಿ ನೋಡಿ, "ಅಯ್ಯ ಶಿವನೆ, ಪೂರಾ ಜರ್ಮನ್ ಅದಲ್ಲೋ! ಇದನ್ನ ಕರಗಿಸಿದ್ರ ಇಡೀ ತಾಲ್ಲೂಕಿಗಿ ಅನ್ನದ ಪಾತೇಲಿ ಆಗ್ತಾವ" ಎಂದಳಂತೆ. ಅಲ್ಯೂಮಿನಿಯಂ ಭಾಂಡೆಗೆ ನಮ್ಮಲ್ಲಿ ಜರ್ಮನ್ ಎನ್ನುವುದು ರೂಢಿ. ಯಾರೋ ಊದಿನಕಡ್ಡಿ ಹಚ್ಚಿದರು, ಯಾರೋ ಕುಂಕುಮ ಬಳಿದರು, ಒಬ್ಬ ಭಕ್ತ ಅದರ ಮೂತಿಗೇ ಕಾಯಿ ಒಡೆಯಲು ಕೈ ಎತ್ತಿದ. ಕಾಕಾ ಲಾರಿಯ ಮೇಲಿಂದ ಹಾರಿ ಅವನ ಕೈ ಹಿಡಿದರು. "ಪೂಜಾ ಮಾಡಬ್ಯಾಡ್ರಪ್ಪಾ! ಪೂಜಾ ಮಾಡಿ ಮಾಡಿ ಕೊಲ್ಲಬ್ಯಾಡ್ರಿ!" ಎಂದು ಕೂಗಿದರಂತೆ. ಕುಂಕುಮವನ್ನು ತಮ್ಮ ಧೋತರದ ಚುಂಗಿನಿಂದ ಒರೆಸಿದರಂತೆ. ಜನ ಮುನಿಸಿಕೊಂಡು, "ದೇವರಿಲ್ಲದ ಮನಶಾ" ಎಂದು ಬೈದರಂತೆ. ಮೂರು ಹೊತ್ತು ಲಿಂಗಪೂಜೆ ಮಾಡುವ ಮನುಷ್ಯನಿಗೆ ಸಿಕ್ಕ ಬಿರುದು ನೋಡಿ.

ನಾನು ಹೋದ ಆ ಮೊದಲ ಸಂಜೆ, ಕಾಕಾ ಏಣಿಯ ಬುಡದಲ್ಲಿ ಚಪ್ಪಲಿ ಬಿಟ್ಟು ಒಳಗೆ ಕರೆದುಕೊಂಡು ಹೋದರು. ಒಳಗೆ ದಾರಿ ಏರುಮುಖ. ಬಾಲದಿಂದ ಮೂಗಿನ ಕಡೆ ಗುಡ್ಡ ಹತ್ತಿದಂತೆ ಹತ್ತಬೇಕು. ಎರಡೂ ಕಡೆ ಸೀಟುಗಳು, ಬಟ್ಟೆ ಹರಿದಲ್ಲಿ ಕಾಕಾ ತಾವೇ ಹಾಕಿದ ಹೊಲಿಗೆ. ಅವರು ಪ್ರತಿ ಸೀಟಿನ ಬೆನ್ನನ್ನೂ ಕೈಯಿಂದ ಮುಟ್ಟುತ್ತಾ ಮುಂದೆ ಹೋದರು. ನಾನು ದಣಿದಿದ್ದೆ, ಒಂದರಲ್ಲಿ ಕೂರಲು ಹೋದೆ.

"ಜರಾ ಕೇಳಿ ಕೂಡು" ಎಂದರು.

"ಯಾರಿಗಿ ಕೇಳಲ್ರಿ?"

"ಇದರಾಗ ಕುಂತವರೆಲ್ಲಾ ಇಳದಿಲ್ಲ ತಮ್ಮಾ."

ಅವರ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಹೊರಗೆ ಗಾಳಿ ಎದ್ದಿತು. ವಿಮಾನದ ಬೆನ್ನ ಮೇಲಿನ ತಂತಿ ಗುಂಯ್ ಎನ್ನತೊಡಗಿತು, ಬಾಲದ ಕಡೆ ಏನೋ ನಿಟ್ಟುಸಿರಿಟ್ಟಂತೆ ಸದ್ದಾಯಿತು. ಕಾಕಾ ಒಂದೊಂದೇ ಸೀಟು ತೋರಿಸಿ ಹೇಳಿದರು. ಇಲ್ಲಿ ಒಬ್ಬ ಬೇಗಂ ಅತ್ತರಿನ ವಾಸನೆ ಬಿಟ್ಟು ಹೋಗಿದ್ದಾಳೆ. ಇಲ್ಲಿ ಒಬ್ಬ ವ್ಯಾಪಾರಿ ನಾಗಪುರದ ಸಂತ್ರಾ ಸುಲಿದು ಸಿಪ್ಪೆ ಸೀಟಿನ ಸಂದಿಗೆ ತುರುಕಿದ್ದ. ಇಲ್ಲಿ ಒಬ್ಬಾಕೆ ಗಂಡ ಸತ್ತ ತಾರು ಬಂದು ಹೊರಟವಳು, ಮದರಾಸು ಮುಟ್ಟುವವರೆಗೆ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳಂತೆ. ಅವಳ ಹಣೆಯ ಗುರುತನ್ನು ಗಾಜಿನ ಮೇಲಿಂದ ಒರೆಸಿದವರು ಇವರೇ. "ಒರಸಬಾರದಿತ್ತು" ಎಂದರು ಕಾಕಾ. ನಾನು ಆ ಸೀಟಿನ ಎದುರಿಗೆ ನಿಂತೇ ಇದ್ದೆ. ಆಮೇಲೆ ಎಷ್ಟು ಸಲ ಹೋದರೂ ಆ ವಿಮಾನದೊಳಗೆ ಕೇಳದೆ ಕೂತವನಲ್ಲ.

ಹೊರಗೆ ಬಂದಾಗ ಎಡಗಡೆಯ ಒಂಟಿ ಪಂಖಾ ಹಿಡಿದು ತೋಳಿನ ಬಲದಿಂದ ಒಂದು ಸುತ್ತು ತಿರುಗಿಸಿದರು. ಅದು ದಿನಾ ಬೆಳಿಗ್ಗೆ ಮಾಡುವ ಕೆಲಸವಂತೆ, ನನಗೆ ತೋರಿಸಲೆಂದು ಆಗ ಇನ್ನೊಮ್ಮೆ ಮಾಡಿದರು. ಯಂತ್ರ ಹಾಗೇ ಬಿಟ್ಟರೆ ಎಣ್ಣೆ ಕೆಳಗೆ ಕೂತು ಒಳಗೆಲ್ಲ ಹಿಡಿದುಕೊಳ್ಳುತ್ತದೆ. "ಇನ್ನ ಹಾರಂಗಿಲ್ಲ ಅಂತ ನನಗ ಗೊತ್ತದ. ಅದಕ್ಕ ಗೊತ್ತಾಗಬಾರದು" ಎಂದರು.

ಆಗ ಹಿಂದಿನಿಂದ ಒಂದು ಹೆಣ್ಣುದನಿ ಬಂತು. "ದೊಡ್ಡಾಕಿ ಸೇವಾ ಮುಗೀತೋ ಇಲ್ಲೋ? ಸಣ್ಣಾಕಿ ರೊಟ್ಟಿ ಮಾಡಿಟ್ಟು ಕುಂತಾಳ."

ಅವರು ಕಾಕಾನ ಹೆಂಡತಿ, ಕಾಕು. ಕೊಹಿನೂರು ಎಂಬ ಹಳ್ಳಿಯ ಹೆಣ್ಣುಮಗಳು. ವಿಮಾನಕ್ಕೆ ದೊಡ್ಡಾಕಿ ಎಂದು ಹೆಸರಿಟ್ಟವರು ಅವರೇ, ಎಂದರೆ ಹಿರಿಯ ಹೆಂಡತಿ, ತಾನು ಕಿರಿಯವಳು. ನಗಿಸಲು ಆಡುವ ಮಾತು ಎಂದು ಮೊದಲು ಅನ್ನಿಸಿತ್ತು. ಆದರೆ ಕಾಕು ಎಂದೂ ಆ ವಿಮಾನದ ಹತ್ತಿರ ಸುಳಿಯುತ್ತಿರಲಿಲ್ಲ. ಹೊಲದ ಬದುವಿನಲ್ಲೇ ನಿಂತು ಕೂಗುತ್ತಿದ್ದರು. ಕಾಕಾನ ನೌಕರಿಯ ಕಾಲವೆಲ್ಲ ಅವರು ಈ ಊರಲ್ಲಿ ಅತ್ತೆಯ ಕೈಕೆಳಗೆ ಇದ್ದರು. ಹಬ್ಬಕ್ಕೆ ಬರುತ್ತಿದ್ದ ಗಂಡನ ಅಂಗಿಯಿಂದ ಯಂತ್ರದ ಎಣ್ಣೆಯ ವಾಸನೆ ತೊಳೆಯುವಷ್ಟರಲ್ಲಿ ರಜೆ ಮುಗಿಯುತ್ತಿತ್ತು. ಮಕ್ಕಳಾಗಲಿಲ್ಲ. ಕೊನೆಗೆ ಗಂಡ ಕಾಯಂ ಮನೆಗೆ ಬಂದ ಎಂದು ಹಿಗ್ಗಿದರೆ, ಹಿಂದೆಯೇ ಲಾರಿಯ ಮೇಲೆ ಸವತಿ ಬಂದಿಳಿದಳು. ಒಮ್ಮೆ ನನ್ನ ಕೈಗೆ ಚಹಾ ಕೊಡುತ್ತಾ ಕಾಕು, "ಅದರ ಮೈ ಸವರಿದಂಗ ನನ್ನ ಕೈ ಒಂದಿನಾ ಹಿಡದಿಲ್ಲ ತಮ್ಮಾ" ಎಂದರು. ತಮಾಷೆಯಂತೆಯೇ ಅಂದರು.

ಡಾಬಾದವರು ಬಂದು, ವಿಮಾನದೊಳಗೆ ಹೋಟೆಲು ಮಾಡೋಣ ಎಂದು ಕೇಳಿದರು. ಮದುವೆ ಮಂಟಪದವನೊಬ್ಬ ಮದುಮಕ್ಕಳನ್ನು ಕೂರಿಸುತ್ತೇನೆಂದ. ಕಾಕಾ ಇಬ್ಬರನ್ನೂ ಹೊಲ ದಾಟಿಸಿ ಬಿಟ್ಟು ಬಂದರು. ಅವರು ಕಾಯುತ್ತಿದ್ದದ್ದು ಬೇರೆಯವರಿಗೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಆತ ಬಂದೇಬಿಟ್ಟ. ದೂರದ ಊರಿನ ಒಂದು ಮ್ಯೂಸಿಯಮ್ಮಿನ ಸಾಹೇಬ, ಹಳೆಯ ಪಂಖಾ ವಿಮಾನಗಳನ್ನು ಹುಡುಕಿಕೊಂಡು ತಿರುಗುವವನು. ಇಡೀ ದಿನ ವಿಮಾನದ ಇಂಚಿಂಚೂ ಬೆರಳಿನಿಂದ ತಟ್ಟಿ ನೋಡಿದ. ಅವನಿಗೆ ನಮ್ಮ ಭಾಷೆ ಬಾರದು, ಇಂಗ್ಲಿಷೇ ಎಲ್ಲ. ಕಾಕಾ ಕಾರ್ಖಾನೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಧಡಧಡ ಉತ್ತರ ಕೊಟ್ಟರು. ಮೈ ಇಷ್ಟು ಚೊಕ್ಕ ಉಳಿದ ಡಕೋಟಾ ತಾನು ಎಲ್ಲೂ ನೋಡಿಲ್ಲ, ಹೊಸ ಛಾವಣಿ ಕಟ್ಟುತ್ತಿದ್ದೇವೆ, ಮುಗಿದ ಕೂಡಲೇ ಬಂದು ಒಯ್ಯುತ್ತೇವೆ, ಅಲ್ಲಿಯವರೆಗೆ ಹೀಗೇ ಇಟ್ಟುಕೊಳ್ಳಿ ಎಂದು ಹೇಳಿ ಹೋದ.

ಅವತ್ತಿನಿಂದ ಕಾಕಾ ಬೇರೆಯೇ ಮನುಷ್ಯರಾದರು. "ನಾ ಸತ್ತ ಮ್ಯಾಲ ಇದು ಇರ್ತದ ತಮ್ಮಾ. ನೆಳ್ಳಾಗ ಇರ್ತದ" ಎಂದು ನನ್ನ ಅಂಗಡಿಗೆ ಬಂದಾಗಲೆಲ್ಲ ಹೇಳುವರು. ನಾನು ಸೋಲಾಪುರದಿಂದ ತರಿಸಿಕೊಟ್ಟ ಮೇಣದ ಪಾಲಿಷನ್ನು ಹಳೆಯ ಮಲ್ ಬಟ್ಟೆಯಿಂದ ತಿಕ್ಕಿ ತಿಕ್ಕಿ ಆ ಲೋಹದಲ್ಲಿ ತೊಗರಿ ಹೂವು ಕಾಣುವಂತೆ ಮಾಡಿದ್ದರು.

ಮುಂದೆ ಒಂದು ವರ್ಷ ಮಾನವಮಿ ಹತ್ತಿರ ಬಂದಾಗ ಅವರಿಗೆ ಎದೆನೋವು ಬಂತು. ಜೀಪಿನಲ್ಲಿ ಹಾಕಿಕೊಂಡು ಸೋಲಾಪುರಕ್ಕೆ ಓಡಿದೆವು. ಉಳಿಯುವುದು ಕಷ್ಟ ಎಂದರು ಡಾಕ್ಟರು. ಕಾಕುವಿನ ತಮ್ಮ ಆಸ್ಪತ್ರೆಯಲ್ಲಿ ನಿಂತ, ನಾನು ಕಾಕುವನ್ನು ಮನೆಗೆ ಬಿಟ್ಟು ಮತ್ತೆ ಆಸ್ಪತ್ರೆಗೆ ಮರಳಿದೆ. ಸುತ್ತಲಿನ ಮನೆಗಳಿಗೆಲ್ಲ ಆಗಲೇ ಸುಣ್ಣ ಬಿದ್ದಿತ್ತು. ನಮ್ಮ ಕಡೆ ಮಾನವಮಿಗೆ ಸುಣ್ಣ ಕಾಣದ ಗೋಡೆ ಎಂದರೆ ಆ ವರ್ಷ ಸಾವಾದ ಮನೆಯ ಗೋಡೆ. ಕಾಕು ತಮ್ಮ ಮನೆಗೂ ಸುಣ್ಣ ಹಚ್ಚಿಸಿದರು. ಹಚ್ಚಿಸಿ ಅಂಗಳಕ್ಕೆ ಬಂದು ನೋಡಿದರೆ, ಹೊಲದ ನಡುವೆ ಒಂದು ಮಾತ್ರ ಸುಣ್ಣವಿಲ್ಲದೆ ನಿಂತಿತ್ತು. ಗಂಡ ಹೆಚ್ಚು ಹೊತ್ತು ಕಳೆದ ಮನೆ ಅದೇ ಅಲ್ಲವೇ?

ತವರಿನ ಭಟ್ಟಿಯಿಂದ ಸುಣ್ಣದ ಕಲ್ಲು ತರಿಸಿದರು. ಅವರು ಜೀವಂತ ಬರಲಿ, ಪ್ರತಿ ವರ್ಷ ನನ್ನ ಕೈಯಾರೆ ಹಚ್ಚುತ್ತೇನೆ ಎಂದು ಹರಕೆ ಹೊತ್ತರು. ಸುಣ್ಣ ಹಿಡಿಯಲಿಲ್ಲ, ಮೇಣದ ಮೇಲೆ ಜಾರಿ ಇಳಿಯಿತು. ಆಗ ಕೂಲಿ ಹೆಣ್ಣುಮಕ್ಕಳನ್ನು ಕರೆದು ವಾಷಿಂಗ್ ಸೋಡಾ ಹಾಕಿ ಮೈಯೆಲ್ಲ ತಿಕ್ಕಿಸಿದರು. ಸುಣ್ಣಕ್ಕೆ ಗೋಂದು ಬೆರೆಸಿದರು. ಇಂಥ ಪ್ರೀತಿಯ ಕೆಲಸಕ್ಕೆ ಅಡ್ಡ ಬರಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾನು ಸೋಲಾಪುರದಲ್ಲಿದ್ದೆ, ಇದೊಂದೂ ನನಗೆ ಗೊತ್ತಿರಲಿಲ್ಲ.

ಕಾಕಾ ಉಳಿದರು. ಜೀಪಿನಲ್ಲಿ ಕರೆತಂದಾಗ ಹೆದ್ದಾರಿಯಿಂದಲೇ ಕಂಡಿತು. ತೊಗರಿಯ ಹಸಿರಿನ ಮೇಲೆ ಬೆಳ್ಳಗೆ, ಹೆಣದ ಮೇಲೆ ಹೊದಿಸಿದ ಬಟ್ಟೆಯಷ್ಟು ಬೆಳ್ಳಗೆ, ಹೊಳಪೇ ಇಲ್ಲದ ವಿಮಾನ. ಕಾಕಾ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದುಕೊಂಡರು.

ಕಾಕು ಬಂದು ಗಂಡನನ್ನು ಕೈಹಿಡಿದು ಇಳಿಸಿಕೊಂಡರು. ಕೈ ಬಿಡದೆ ನೇರ ವಿಮಾನದ ಹತ್ತಿರ ಕರೆದುಕೊಂಡು ಹೋದರು. ಬಾಗಿಲ ಕೆಳಗಿನ ಭಾಗಕ್ಕೆ ಆಗಷ್ಟೇ ಕೊನೆಯ ಕೈ ಹಚ್ಚಿದ್ದರು, ಸುಣ್ಣ ಇನ್ನೂ ಹಸಿಯಾಗಿತ್ತು. "ಇಲ್ಲಿ ಕಿವಿ ಇಡ್ರಿ" ಎಂದರು, ಮದುವಣಗಿತ್ತಿಯ ಹಾಗೆ. "ನಾ ಹಚ್ಚುವಾಗ ಕೇಳೀನಿ. ನಿಮ್ಮ ದೊಡ್ಡಾಕಿ ಉಸಿರಾಡಾಕತ್ಯಾಳ. ಅವತ್ತೇ ನನಗ ತಿಳೀತು, ನೀವು ಬರ್ತೀರಂತ."

ಕಾಕಾ ಕಿವಿ ಇಟ್ಟರು. ನಾನೂ ಇಟ್ಟೆ. ಸಣ್ಣಗೆ, ಎಡೆಬಿಡದೆ, ಸುಂಯ್ ಎನ್ನುವ ಸದ್ದು ಕೇಳುತ್ತಿತ್ತು, ನಿದ್ದೆ ಹೋದವರ ಉಸಿರಿನ ಹಾಗೆ. ಕಾಕಾನ ಮುಖ ನನ್ನ ಮುಖದ ಎದುರಿಗೇ ಇತ್ತು. ಅವರ ಕಣ್ಣು ಮುಚ್ಚಿದ್ದವು. ಕಣ್ಣು ತೆರೆದು ಹೆಂಡತಿಯ ಕಡೆ ನೋಡಿ, "ಹೌದು. ಉಸಿರಾಡಾಕತ್ತದ" ಎಂದರು.

ಕೆಲವು ದಿನ ಬಿಟ್ಟು ಬೆಳಿಗ್ಗೆ ಹೋದಾಗ ಅವರು ವಿಮಾನದ ಹೊಟ್ಟೆಯ ಕೆಳಗೆ ಅಂಗಾತ ಮಲಗಿದ್ದರು. ಪಕ್ಕದಲ್ಲಿ ಒಂದು ತಂಬಿಗೆ ಹುಣಸೆಹಣ್ಣಿನ ನೀರು. ಬಟ್ಟೆ ಅದ್ದಿ ಅದ್ದಿ ಸುಣ್ಣ ಒರೆಸುತ್ತಿದ್ದರು. ಒರೆಸಿದಲ್ಲಿ ಲೋಹ ಮತ್ತೆ ಬೆಳ್ಳಗಾಗುತ್ತಿತ್ತು, ಆದರೆ ಸಿಡುಬಿನ ಕಲೆಯಂತೆ ಸಣ್ಣ ಸಣ್ಣ ತೂತಿನ ಗುರುತು.

"ಸುಣ್ಣ ಜರ್ಮನ್ ತಿಂತದ ತಮ್ಮಾ" ಎಂದರು. "ಅವತ್ತು ನಾವು ಕೇಳಿದ್ದು ಉಸಿರಲ್ಲ. ಹಲ್ಲಿನ ಸಪ್ಪಳ."

"ಹಂಗಾರ ಕಾಕುಗ ಹೇಳ್ರಿ! ಇವತ್ತೇ ಪೂರಾ ತೊಳಸೋಣ!"

"ಹ್ಯಾಂಗ ಹೇಳಲಿ? ಇಷ್ಟ ವರ್ಷದಾಗ ಆಕಿ ಇದನ್ನ ಮುಟ್ಟಿದ್ದು ಇದೇ ಮೊದಲು." ಮತ್ತೆ ಬಟ್ಟೆ ಅದ್ದಿಕೊಂಡರು. "ಆಕಿ ಕಣ್ಣಿಗಿ ಕಾಣಲಾರದಲ್ಲೆಲ್ಲಾ ಒರಸ್ತೀನಿ. ಕಾಣೂದು ಆಕೀದು. ನೀ ಬಾಯಿ ಬಿಟ್ಟರ ನಿನ್ನ ಅಂಗಡಿ ಮೆಟ್ಟಲಾ ತುಳಿಯಂಗಿಲ್ಲ ನೋಡು."

ನನಗೆ ಸಿಟ್ಟು ಬಂತು. ಮ್ಯೂಸಿಯಮ್ಮಿನವನು ಬಂದರೆ ಏನು ಗತಿ ಎಂದೆ. ಅವರು ಇನ್ನೊಂದು ಮಗ್ಗುಲಿಗೆ ಹೊರಳಿ ಒರೆಸತೊಡಗಿದರು.

ಮುಂದಿನ ಮಾನವಮಿಗೆ ಕಾಕು ಹರಕೆಯಂತೆ ಇನ್ನೊಮ್ಮೆ ಹಚ್ಚಿದರು. ಅದಾದ ಕೆಲವೇ ತಿಂಗಳಿಗೆ ಸಾಹೇಬ ಬಂದ. ಛಾವಣಿ ಸಿದ್ಧವಾಗಿತ್ತು. ಜೀಪಿನಿಂದ ಇಳಿದವನು ಹೊಲದ ಬದುವಿನಲ್ಲೇ ನಿಂತುಬಿಟ್ಟ. ಆಮೇಲೆ ಹತ್ತಿರ ಹೋಗಿ ಉಗುರಿನಿಂದ ಸುಣ್ಣ ಕೆರೆದ. ರೆಕ್ಕೆಯ ಬುಡದ ಮಡಿಕೆಯಲ್ಲಿ ಅವನ ಬೆರಳು ಹಪ್ಪಳದೊಳಗೆ ಹೋದಂತೆ ಒಳಗೆ ಹೋಯಿತು. ತಿರುಗಿ ನಿಂತು ಇಂಗ್ಲಿಷಿನಲ್ಲಿ ಕೂಗಾಡಿದ. ಯಾವ ಮೂರ್ಖ ಇದನ್ನು ಮಾಡಿದ್ದು, ಇದನ್ನು ಕೊಂದದ್ದು ಯಾರು ಎಂದ. ಕಾಕು ಚಹಾದ ತಾಟು ಹಿಡಿದುಕೊಂಡು ಅಲ್ಲೇ ನಿಂತಿದ್ದರು.

ಕಾಕಾ ನೆಟ್ಟಗೆ ನಿಂತು, ಅದೇ ಭಾಷೆಯಲ್ಲಿ, ನಾನೇ ಸರ್, ನನಗೆ ಬುದ್ಧಿ ಇರಲಿಲ್ಲ ಎಂದರು.

ಜೀವಮಾನವಿಡೀ ಒಂದು ಮೊಳೆ ಸಡಿಲ ಬಿಡದ ಮನುಷ್ಯ ಆ ಮಾತು ಹೇಳುವುದನ್ನು ಕೇಳಿ ನಾನು ನೆಲ ನೋಡುತ್ತಾ ನಿಂತೆ. ಸಾಹೇಬ ಚಹಾ ಮುಟ್ಟದೆ ಹೊರಟುಹೋದ. ಧೂಳು ಅಡಗಿದ ಮೇಲೆ ಕಾಕು, "ಏನಂದ್ರು ರೀ ಅವರು?" ಎಂದು ಕೇಳಿದರು.

"ಸುಣ್ಣ ಭಾಳ ಚೆಂದ ಹಚ್ಚೀರಿ ಅಂದ್ರು" ಎಂದರು ಕಾಕಾ. "ಆದ್ರ ಅವರ ಛಾವಣಿ ಸಣ್ಣದಾಯ್ತಂತ. ನಮ್ಮದು ಹಿಡಸಂಗಿಲ್ಲಂತ. ಇಲ್ಲೇ ಇರಲಿ ಬಿಡು."

ಆಮೇಲಿನ ವರ್ಷಗಳಲ್ಲಿ ವಿಮಾನ ಒಂದೇ ಸಮನೆ ಸವೆಯುತ್ತಾ ಹೋಯಿತು. ಬಾಗಿಲ ಪಕ್ಕ ಬೆಳಕು ತೂರುವಷ್ಟು ತೂತುಗಳಾದವು. ಗಾಳಿ ಬೀಸಿದರೆ ಆ ತೂತುಗಳೆಲ್ಲ ಒಟ್ಟಿಗೆ ಮುಲುಗುತ್ತಿದ್ದವು. ಘಾಟಬೋರಾಳದ ಕಡೆಯಿಂದ ಬರುವ ಕೂಲಿಗಳು ಕತ್ತಲಾದ ಮೇಲೆ ಆ ಹೊಲದ ದಾರಿ ಬಿಟ್ಟರು. ಒಳಗೆ ಜನ ಮಾತಾಡುತ್ತಾರೆ ಎಂದರು. ನಾನು ಬೈದು ಕಳಿಸಿದೆ. ಆದರೆ ಒಂದು ಸಂಜೆ ಒಬ್ಬನೇ ಏಣಿಯ ಬುಡದಲ್ಲಿ ನಿಂತಿದ್ದಾಗ ನನಗೂ ಕೇಳಿತು, ತುಂಬಾ ಜನ ಒಮ್ಮೆಲೇ ಸಣ್ಣ ದನಿಯಲ್ಲಿ ಏನೋ ಕೇಳುತ್ತಿರುವ ಹಾಗೆ. ಗಾಳಿ ಎಂದು ನನಗೆ ಗೊತ್ತು. ಗೊತ್ತಿದ್ದೂ ಒಳಗೆ ಹೋಗಲಿಲ್ಲ.

ಪ್ರತಿ ಮಾನವಮಿಗೂ ಕಾಕು ಸುಣ್ಣ ಹಚ್ಚುತ್ತಿದ್ದರು. ಮುಗಿದ ಮೇಲೆ ಗಂಡಹೆಂಡಿರು ಕೈ ಕೈ ಹಿಡಿದುಕೊಂಡು, ಹಸಿ ಸುಣ್ಣಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದರು. ಇಬ್ಬರ ಕೆನ್ನೆಯೂ ಬೆಳ್ಳಗಾಗುತ್ತಿತ್ತು. ಹಬ್ಬದ ಮರುದಿನದಿಂದ ಕಾಕಾ ಹುಣಸೆ ನೀರಿನ ತಂಬಿಗೆ ಹಿಡಿದು ಹೊಟ್ಟೆಯ ಕೆಳಗೆ ನುಸುಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಕಾಕಾ ಹೋದರು. ಬೆಳಿಗ್ಗೆ ಪಂಖಾ ತಿರುಗಿಸಲು ಹೋದವರು ಅದರ ನೆರಳಿನಲ್ಲೇ ಕೂತು, ಹಾಗೇ ಹೋಗಿಬಿಟ್ಟಿದ್ದರು. ಕೂತ ಭಂಗಿಯಲ್ಲೇ, ಕೈಯಲ್ಲಿ ಲಿಂಗ ಇಟ್ಟು, ವಿಮಾನದ ಬಾಲದ ಹತ್ತಿರ ಅವರ ಹೊಲದಲ್ಲೇ ಮಣ್ಣು ಮಾಡಿದೆವು.

ಆ ವರ್ಷ ಮಾನವಮಿಗೆ ಕಾಕು ನನ್ನನ್ನು ಕರೆಸಿದರು. ನಾನು ಜೀಪಿನಲ್ಲಿ ಬಿಳಿ ಎಣ್ಣೆಬಣ್ಣದ ದೊಡ್ಡ ಡಬ್ಬಿ ಇಟ್ಟುಕೊಂಡು ಹೋದೆ. ಏನಾದರೂ ಹೇಳಿ ಸುಣ್ಣ ತಪ್ಪಿಸಬೇಕು, ಉಳಿದಷ್ಟಾದರೂ ಉಳಿಯಲಿ ಎಂದು ನನ್ನ ಲೆಕ್ಕ. ಮನೆಯ ಗೋಡೆಗೆ ಸುಣ್ಣ ಬಿದ್ದಿರಲಿಲ್ಲ, ಸಾವಾದ ಮನೆಗೆ ಬೀಳುವುದೂ ಇಲ್ಲ. ಆದರೆ ವಿಮಾನದ ಪಕ್ಕದಲ್ಲಿ ಡ್ರಮ್ಮಿನೊಳಗೆ ಸುಣ್ಣದ ಕಲ್ಲು ಆಗಲೇ ಕೊತಕೊತ ಕುದಿಯುತ್ತಿತ್ತು. ಕಾಕುವಿನ ಸೆರಗಿಗೆ ಕರಿ ಎಣ್ಣೆಯ ಕಲೆ. ಪಂಖಾ ಕಡೆ ನೋಡಿದೆ, ನಾನು ಹಿಂದಿನ ಸಲ ಕಂಡ ಜಾಗದಲ್ಲಿ ಅದು ಇರಲಿಲ್ಲ. ಆ ಮುದಿ ತೋಳುಗಳು ಅದನ್ನು ಹೇಗೆ ತಿರುಗಿಸಿದವೋ.

"ನನ್ನ ಕೈ ಮ್ಯಾಲಕ್ಕ ಏಳಂಗಿಲ್ಲ ತಮ್ಮಾ. ನೀ ಹಚ್ಚು" ಎಂದು ಕುಂಚ ಚಾಚಿದರು.

"ಕಾಕು, ಮನಿಗೇ ಹಚ್ಚಿಲ್ಲ. ಈ ವರ್ಷ ಹಚ್ಚಬಾರದಲ್ರಿ?"

"ಮನ್ಯಾಗ ಸತ್ತಾರ. ಇದರಾಗಿಂದ ಇನ್ನಾ ಇಳದಿಲ್ಲ ಅವರು."

ನಾನು ಡಬ್ಬಿ ತೋರಿಸಿದೆ. ಇದು ಹೊಸದು, ಸುಣ್ಣಕ್ಕಿಂತ ಬೆಳ್ಳಗೆ, ಮಳೆಗೂ ಹೋಗುವುದಿಲ್ಲ ಎಂದೆ. ಕಾಕು ಮುಚ್ಚಳ ತೆಗೆಯಲೂ ಇಲ್ಲ.

"ಎಣ್ಣಿಬಣ್ಣ ಉಸಿರಾಡತದೇನು?"

ಕುಂಚ ತೆಗೆದುಕೊಂಡು ಹಚ್ಚತೊಡಗಿದೆ. ಬಾಗಿಲ ಸುತ್ತ ಮುಗಿಸಿ ಹೊಟ್ಟೆಯ ಕಡೆ ಬಗ್ಗಿದಾಗ ಕಾಕು ನನ್ನ ತೋಳು ಹಿಡಿದರು. "ಕೆಳಗ ಬ್ಯಾಡ. ಅಲ್ಲಿ ಅವರು ಹುಣಸಿನೀರು ಹಚ್ತಿದ್ರು."

ಕುಂಚ ಕೆಳಗಿಟ್ಟೆ. ಕೆಳಗೆ ಇಣುಕಿದೆ. ಸಣ್ಣ ತೂತಿನ ಗುರುತುಗಳ ನಡುವೆಯೂ ಅಡಿಯ ಆ ಪಟ್ಟಿ ಇನ್ನೂ ಹೊಳೆಯುತ್ತಿತ್ತು. ಅದರಲ್ಲಿ ನನ್ನ ಮುಖ, ಹಿಂದೆ ಕಾಕುವಿನ ಮುಖ ಕಂಡವು.

"ಗೊತ್ತಿತ್ತೇನ್ರಿ ನಿಮಗ?"

"ನನ್ನ ಅಡಗಿಮನ್ಯಾಗಿನ ಹುಣಸಿಹಣ್ಣು ಖಾಲಿ ಆಗೂದು ನನಗ ತಿಳಿಯಂಗಿಲ್ಲೇನು? ಆ ಸಾಹೇಬನ ಮಾರಿ ನೋಡಿಲ್ಲೇನು ನಾ? ಚೆಂದ ಅದ ಅಂದವನ ಮಾರಿ ಹಂಗಿರ್ತದೇನೋ?" ಕಾಕು ವಿಮಾನದ ಮೈಗೆ ಅಂಗೈ ಇಟ್ಟರು. "ನನ್ನ ಸುಣ್ಣ ಅದನ್ನ ತಿನ್ನಾಕತ್ತದಂತ ಅವತ್ತೇ ತಿಳೀತು. ಭಾಳ ಅತ್ತೀನಿ ತಮ್ಮಾ. ಹರಕಿ ಮುರೀಬೇಕಂತ ಮಾಡಿದ್ದೆ. ಆದ್ರ ಅವರು ಉಸಿರು ಅಂದ್ರು. ನಾನೂ ಉಸಿರು ಅಂದೆ. ವರ್ಷಕ್ಕ ಒಂದಿನಾ ನನ್ನ ಕೈ ಹಿಡೀತಿದ್ರು. ಆ ಒಂದಿನಾ ಹ್ಯಾಂಗ ಬಿಡಲಿ ಹೇಳು?"

ಮುಖ ಅತ್ತ ತಿರುಗಿಸಿ ಕುಂಚ ಎತ್ತಿಕೊಂಡು ಅದ್ದಿ, ಬಾಗಿಲ ಕೆಳಗೆ, ಅವರಿಬ್ಬರೂ ನಿಲ್ಲುತ್ತಿದ್ದ ಜಾಗಕ್ಕೆ ದಪ್ಪಗೆ ಹಚ್ಚಿದೆ. ಲೋಹ ಅಲ್ಲಿ ಕಾಗದದಷ್ಟು ತೆಳುವಾಗಿತ್ತು. ಕುಂಚದ ಕೆಳಗೆ ಅದು ನಡುಗುವುದು ನನ್ನ ಕೈಗೆ ತಿಳಿಯುತ್ತಿತ್ತು. ಸುಂಯ್ ಎನ್ನುವ ಆ ಸದ್ದು ಎದ್ದಿತು.

ಕಾಕು ಹತ್ತಿರ ಬಂದು ಕಿವಿ ಹಚ್ಚಿದರು, ಕಣ್ಣು ಮುಚ್ಚಿದರು. ಆಮೇಲೆ, ಪ್ರತಿ ವರ್ಷದ ಹಾಗೆ, ಬಲಗೈಯನ್ನು ಪಕ್ಕಕ್ಕೆ ಚಾಚಿ ಅಂಗೈ ತೆರೆದು ಹಿಡಿದರು.

ನಾನು ಅಲ್ಲೇ ಇದ್ದೆ. ಹಿಡಿಯಬಹುದಿತ್ತು. ಆದರೆ ಆ ಕೈ ನನಗೆ ಚಾಚಿದ್ದಲ್ಲ. ಎಷ್ಟೋ ಹೊತ್ತು ಅದು ಹಾಗೇ ಗಾಳಿಯಲ್ಲಿ ತೆರೆದಿತ್ತು. ಆಮೇಲೆ ಬೆರಳುಗಳು ಮೆಲ್ಲಗೆ ಮಡಚಿಕೊಂಡವು, ಇನ್ನೊಂದು ಕೈಯನ್ನು ಹಿಡಿದುಕೊಂಡಾಗ ಮಡಚಿಕೊಳ್ಳುವ ಹಾಗೆ, ಒಳಗೆ ಅಷ್ಟೇ ಜಾಗ ಬಿಟ್ಟು.

ನಾನು ಸುಣ್ಣದ ಬಕೆಟ್ಟು ಎತ್ತಿಕೊಂಡು, ಸದ್ದು ಮಾಡದೆ, ವಿಮಾನದ ಇನ್ನೊಂದು ಮಗ್ಗುಲಿಗೆ ಹೋದೆ.